ನಿಂತ ನೀರಿನಲ್ಲಿ ಬರುತ್ತದೆ, ಅಲೆಗೆ ಯಾವಾಗ ಇಳಿಯಲಿ?

ಪ್ರಶ್ನೆ: ನಾ ಬಾಗಲಕೋಟಿ ನವನಗರದಾವ. ಗೋವಾಕ್ಕ ಹೋದಾಗ ನಾಕೈದ ಸಲ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಬೋರ್ಡ್ ಮ್ಯಾಲ ನಿಂತು ಗಾಳಿಗೆ ಹೋಗೋದು) ಮಾಡೀನ್ರಿ. ನಿಂತ ನೀರಿನ್ಯಾಗ ಹೋಗಿ ತಿರುಗಿ ಬರಾಕ ಬರ್ತೈತಿ. ಅಲಿ ಇದ್ದಲ್ಲಿ ಹೋಗಬೇಕಂದ್ರ ಹೆಂಗ ಶುರು ಮಾಡ್ಲಿ? ಕಲ್ಯಾಕ ಕೊಟ್ಟಿದ್ದ ದೊಡ್ಡ ಬೋರ್ಡ್ ನಡೀತದೇನ್ರಿ?

ಉತ್ತರ: ಮೊದಲು ನನ್ನದೊಂದು ಪ್ರಶ್ನೆ. ನೀರಿಗೆ ಬಿದ್ದ ಮೇಲೆ ಮತ್ತೆ ಹೇಗೆ ಹೊರಡುತ್ತೀರಿ? ಬೋರ್ಡ್ ಹತ್ತಿ ನಿಂತು, ಬಾವಿಯಿಂದ ಕೊಡ ಸೇದಿದ ಹಾಗೆ ಹಗ್ಗ ಹಿಡಿದು ಹಾಯಿ ಎಳೆದುಕೊಳ್ಳುತ್ತೀರಾ? ಹಾಗಿದ್ದರೆ ಈಗಲೇ ಬೇಡ. ನಿಂತ ನೀರಿನಲ್ಲಿ ಹಾಯಿ ಎತ್ತಲು ಅರ್ಧ ನಿಮಿಷ ಹಿಡಿದರೂ ಯಾರೂ ಕೇಳುವುದಿಲ್ಲ. ಅಲೆ ಒಡೆಯುವ ಜಾಗದಲ್ಲಿ ಅಷ್ಟರೊಳಗೆ ಎರಡು ಮೂರು ಅಲೆ ನಿಮ್ಮ ಮೇಲೆ ಹಾಯ್ದು ಹೋಗಿರುತ್ತವೆ.

ಅಲ್ಲಿ ಬೇಕಾದದ್ದು ವಾಟರ್‌ಸ್ಟಾರ್ಟ್. ನೀವು ನೀರಲ್ಲೇ ತೇಲುತ್ತಿರುತ್ತೀರಿ. ಮಾಸ್ಟ್, ಅಂದರೆ ಹಾಯಿಯ ಕಂಬ, ಗಾಳಿ ಬರುವ ಕಡೆಗಿರುವಂತೆ ಹಾಯಿಯನ್ನು ತಿರುಗಿಸಿಕೊಂಡು, ಮಾಸ್ಟನ್ನು ಒಂದು ಗೇಣು ಎತ್ತಬೇಕು. ಅದರ ಕೆಳಗೆ ಗಾಳಿ ನುಗ್ಗಿ ಹಾಯಿ ತಾನೇ ಮೇಲೇಳುತ್ತದೆ. ಹಿಂಗಾಲನ್ನು ಬೋರ್ಡ್ ಮೇಲಿಟ್ಟು, ಬೂಮ್ (ಹಾಯಿಗೆ ಅಡ್ಡಲಾಗಿರುವ ಹಿಡಿಕೆ) ಹಿಡಿದ ಕೈ ಮೇಲೆ ಚಾಚಿದರೆ ಹಾಯಿಯೇ ನಿಮ್ಮನ್ನು ಎಬ್ಬಿಸಿ ನಿಲ್ಲಿಸುತ್ತದೆ. ಹತ್ತಕ್ಕೆ ಎಂಟು ಸಲ ಇದು ಬಂತು ಅಂದರೆ ಅಲೆಯ ಮಾತು ಆಡೋಣ.

ಆಲಮಟ್ಟಿ ಹಿನ್ನೀರು ಹತ್ತಿರವೇ ಇದೆಯಲ್ಲ, ಅಲ್ಲೇ ಕಲಿಯಬಹುದಲ್ವಾ ಅಂತ ನಿಮಗೆ ಅನಿಸಬಹುದು. ಸುಮ್ನೆ ಇಳಿಯಬೇಡಿ. ನೀರಿನಡಿ ಮುಳುಗಿದ ಊರುಗಳ ಗೋಡೆ, ಮರದ ಬೊಡ್ಡೆ ಇರುತ್ತವೆ. ಮೀನಿನ ಬಲೆ ಹಾಸಿರುತ್ತಾರೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ವಾಟರ್‌ಸ್ಟಾರ್ಟ್ ಕಲಿಯುವವನು ದಿನವಿಡೀ ನೀರಲ್ಲಿ ಮಲಗಿಯೇ ಇರುತ್ತಾನೆ, ಮೊಸಳೆಗೆ ಇನ್ನೇನು ಬೇಕು?

ನಿಮ್ಮೂರಲ್ಲಿ ನೀರು ಬಿಡಿ, ಗಾಳಿ ಬಳಸಿಕೊಳ್ಳಿ. ಆಷಾಢದಲ್ಲಿ ತಗಡು ಹಾರದಿರಲಿ ಅಂತ ಮಾಳಿಗೆ ಮೇಲೆ ಕಲ್ಲು ಹೇರುತ್ತಾರಲ್ಲ, ಆ ಗಾಳಿ. ಹಳೆಯದೊಂದು ಹಾಯಿ ಸಿಕ್ಕರೆ ಖಾಲಿ ಮೈದಾನಕ್ಕೆ ಒಯ್ಯಿರಿ. ಮಾಸ್ಟಿನ ಬುಡವನ್ನು ನೆಲಕ್ಕೂರಿ, ಪಕ್ಕದಲ್ಲಿ ಕುಳಿತು, ಗಾಳಿ ನಿಮ್ಮನ್ನು ಎತ್ತುವ ತನಕ ಆಡಿ. ಯಾವ ಕೋನದಲ್ಲಿ ಹಾಯಿ ತುಂಬುತ್ತದೆ, ಯಾವಾಗ ಕೈ ಸಡಿಲಿಸಬೇಕು ಅನ್ನುವುದು ಮೈಗೆ ಹತ್ತುತ್ತದೆ. ನೋಡಿದವರು ನಗುತ್ತಾರೆ, ನಗಲಿ.

ಇನ್ನು ಸಮುದ್ರ. ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡಲು ಕಲಿಯುವವರಿಗಲ್ಲ. ಮಳೆಗಾಲ ಮುಗಿದ ಮೇಲೆ, ಅದರಲ್ಲೂ ಫೆಬ್ರುವರಿಯಿಂದ ಮೇ ತಿಂಗಳ ಮಧ್ಯಾಹ್ನಗಳು ಒಳ್ಳೆಯವು. ಬಿಸಿಲಿಗೆ ನೆಲ ಕಾದು ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಹೆಚ್ಚಾಗಿ ಅದು ವಾಯವ್ಯದಿಂದ ಬರುತ್ತದೆ, ಅಂದರೆ ದಡಕ್ಕೆ ಓರೆಯಾಗಿ. ನಮಗೆ ಬೇಕಾದದ್ದು ಅದೇ. ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಬೀಸುವ ಗಾಳಿಯನ್ನು ನಂಬಬೇಡಿ. ನೀರು ನುಣ್ಣಗೆ ಚಂದ ಕಾಣುತ್ತದೆ, ಆ ಗಾಳಿ ನಿಮ್ಮನ್ನು ಮಾತ್ರ ಕಡಲೊಳಕ್ಕೆ ಒಯ್ಯುತ್ತದೆ.

ಅಲೆ ಮೊಣಕಾಲಿನಿಂದ ಸೊಂಟದ ತನಕ ಇರಲಿ. ಗಾಳಿ 12ರಿಂದ 18 ನಾಟ್, ಅಂದರೆ ಗಂಟೆಗೆ ಸುಮಾರು 22ರಿಂದ 33 ಕಿ.ಮೀ., ಸಾಕು. ಬಂದ ಕೂಡಲೇ ಇಳಿಯದೆ, 20 ನಿಮಿಷ ಮರಳಿನ ಮೇಲೆ ಕೂತು ನೋಡಿ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಸಿಗುತ್ತದೆ. ಬೆಳಗಾವಿಯ ಚನ್ನಮ್ಮ ಸರ್ಕಲ್‌ನಲ್ಲಿ ರಸ್ತೆ ದಾಟುವ ಹಾಗೆ, ಸಂದು ನೋಡಿ ನುಗ್ಗಬೇಕು, ನುಗ್ಗಿದ ಮೇಲೆ ನಡುವೆ ನಿಲ್ಲಬಾರದು.

ನನ್ನ ಮೊದಲ ದಿನ ಅಲೆಯೊಳಗೆ ಹೋಗುವ ತನಕವೂ ಬರಲಿಲ್ಲ. ತೊಡೆಮಟ್ಟ ನೀರಲ್ಲಿ ನಿಂತಿದ್ದೆ, ಬೋರ್ಡ್ ನನ್ನ ಮುಂದೆ, ಅದರಾಚೆ ಅಲೆ. ಮೊಣಕಾಲೆತ್ತರದ್ದು, ಏನು ಮಹಾ ಅಂದುಕೊಂಡೆ. ಬೋರ್ಡಿನ ಅಂಚು ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಿತು. ಮೂರು ವಾರ ಕುಂಟಿದೆ. ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್. ಒಂದು ಟನ್ ಕಬ್ಬು ಮೈಮೇಲೆ ಜಾರಿದರೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಲೆಗೂ ನಿಮಗೂ ನಡುವೆ ಬೋರ್ಡ್ ಯಾವತ್ತೂ ಬರಬಾರದು. ಅದರ ಪಕ್ಕದಲ್ಲಿ ನಿಲ್ಲಿ, ಮೂತಿ ಅಲೆಯ ಕಡೆಗಿರಲಿ, ಅಲೆ ಬಂದಾಗ ಮೂತಿ ಎತ್ತಿಕೊಡಿ.

ಹೊರಟ ಮೇಲೆ ಅಲೆಗೆ ಆದಷ್ಟು ನೇರವಾಗಿ, ವೇಗದಲ್ಲಿ ಹೋಗಿ. ಹೆದರಿ ನಿಧಾನ ಮಾಡುವುದೇ ಎಲ್ಲರ ತಪ್ಪು. ಅಲೆ ತಾಗುವ ಹೊತ್ತಿಗೆ ಭಾರವನ್ನು ಹಿಂಗಾಲಿಗೆ ಹಾಕಿ ಮೂತಿ ಹಗುರ ಮಾಡಿ, ಮೊಣಕಾಲು ಮಡಚಿ ಅಲೆಯ ಹೊಡೆತವನ್ನು ಕಾಲಲ್ಲೇ ನುಂಗಿ. ಬರುವಾಗ ಅಲೆಯ ಬೆನ್ನ ಮೇಲೆ ಕೂತು ಬನ್ನಿ, ಮೊದಮೊದಲು ಅಷ್ಟು ಸಾಕು. ಎದುರು ಹೊರಗೆ ಹೋಗುತ್ತಿರುವವರಿಗೆ ದಾರಿ ಬಿಡಿ.

ಬಿದ್ದರೆ? ಬೀಳುತ್ತೀರಿ. ಬೋರ್ಡಿಗೂ ದಡಕ್ಕೂ ನಡುವೆ ಸಿಗದಂತೆ ಈಜಿ. ಹಾಯಿ ನೀರಲ್ಲಿ ಬಿದ್ದಿದ್ದು ದೊಡ್ಡ ಅಲೆ ಬರುತ್ತಿದ್ದರೆ ಮಾಸ್ಟಿನ ತುದಿ ಹಿಡಿದು ಅದನ್ನು ಅಲೆಯ ಕಡೆ ಮಾಡಿ, ತಲೆ ತಗ್ಗಿಸಿ. ಅಲೆ ಹಾಯಿಯ ನಡುಮಧ್ಯೆ ಕುಸಿದರೆ ಮಾಸ್ಟ್ ಮುರಿಯುತ್ತದೆ. ಅಲೆ ದಾಟಿ ಆಳಕ್ಕೆ ಹೋದ ಮೇಲೆ ಬೋರ್ಡ್ ಬಿಟ್ಟು ಈಜಿ ಬರುವ ಸಾಹಸ ಮಾಡಬೇಡಿ. ತೇಲುವುದು ಅದು, ನೀವಲ್ಲ. ಹೆಲ್ಮೆಟ್, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ಬೋರ್ಡಿನ ವಿಷಯ. ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಕಲಿಯಲು ಕೊಡುವುದು 180, 200 ಲೀಟರಿನದು. ಅದರ ಅಗಲ ಮೂತಿಯನ್ನು ಅಲೆ ಹಿಡಿದು ದಡಕ್ಕೆ ಹೊತ್ತು ಹಾಕುತ್ತದೆ, ಹಾಗಾಗಿ ನಡೆಯುವುದಿಲ್ಲ. ಹವಾಯಿಯ ಹೂಕಿಪಾ ಕಡಲತೀರದ ವಿಡಿಯೋಗಳಲ್ಲಿ ಕಾಣುವ ಪುಟ್ಟ ಬೋರ್ಡ್‌ಗಳೂ ಈಗ ಬೇಡ, ನಿಂತರೆ ಮುಳುಗುತ್ತವೆ. ನಿಮ್ಮ ತೂಕ 70 ಕೆಜಿ ಅಂದರೆ 100ರಿಂದ 110 ಲೀಟರ್ ಬೋರ್ಡ್, ಐದು ಚದರ ಮೀಟರ್ ಆಸುಪಾಸಿನ ಹಾಯಿ ಸರಿ. ಬಾಡಿಗೆಗೇ ತಗೊಳ್ಳಿ, ಮೊದಲ ವರ್ಷ ಏನಾದರೂ ಒಂದು ಮುರಿದೇ ಮುರಿಯುತ್ತೀರಿ.

ಸ್ವಂತ ಮಾಸ್ಟ್ ಇದ್ದರೆ ಮಾತ್ರ ಒಂದು ಕೆಲಸ ಮರೆಯಬೇಡಿ. ಅದು ಎರಡು ತುಂಡು, ಜೋಡಿಸುವ ಕಡೆ ಮರಳು ಸೇರಿ ಬಿಗಿದುಕೊಳ್ಳುತ್ತದೆ. ದಡದಲ್ಲೇ ಬಿಡಿಸಿ, ಸಿಹಿ ನೀರಲ್ಲಿ ತೊಳೆದು ಹೊರಡಿ. ನಾನು ಒಮ್ಮೆ ಹಾಗೇ ಕಾರಿನ ಮೇಲೆ ಕಟ್ಟಿಕೊಂಡು ಬಂದೆ. ಬೆಳಗಾವಿಯಲ್ಲಿ ಒಂದು ತುದಿ ನಾನು, ಇನ್ನೊಂದು ತುದಿ ಪಕ್ಕದ ಮನೆಯ ಕಾಕಾ ಹಿಡಿದು ಎಳೆದೆವು. ಅರ್ಧ ತಾಸು.