ಅಟ್ಲಾಂಟಾ: ಬಸ್ಸು ಗಡಿಯಲ್ಲೇ ನಿಂತ ಕಥೆ

ಅಮೆರಿಕದ ನಗರಗಳು ಹೊರಕ್ಕೆ ಇಷ್ಟೊಂದು ಹರಡಿಕೊಂಡದ್ದು ಏಕೆ ಎಂಬ ಪರೀಕ್ಷೆಯ ಪ್ರಶ್ನೆಗೆ ಹತ್ತು ಊರುಗಳ ಹೆಸರು ಬಾಯಿಪಾಠ ಮಾಡಬೇಡಿ. ಒಂದೇ ಊರನ್ನು ಸರಿಯಾಗಿ ನೋಡಿದರೆ ಸಾಕು. ನಾನು ಅಟ್ಲಾಂಟಾ ಹಿಡಿದುಕೊಂಡೆ.

2020ರ ಜನಗಣತಿಯಲ್ಲಿ ನಗರದ ಒಳಗಿದ್ದವರು ಸುಮಾರು 5 ಲಕ್ಷ. ಸುತ್ತಲಿನ ಕೌಂಟಿಗಳನ್ನೂ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳು) ಸೇರಿಸಿದರೆ 60 ಲಕ್ಷ ದಾಟುತ್ತದೆ. ಅಂದರೆ ಹತ್ತು ಜನರಲ್ಲಿ ಒಂಬತ್ತು ಜನ ಹೊರಗಿದ್ದಾರೆ. ತಡೆಯಲು ಸಮುದ್ರವಿಲ್ಲ, ದೊಡ್ಡ ಬೆಟ್ಟವಿಲ್ಲ, ಅದಕ್ಕೇ ಹರಡಿತು ಎಂದು ಬರೆದು ಮುಗಿಸಬಹುದು. ಆದರೆ ಅದು ಅರ್ಧ ಉತ್ತರ.

ಇನ್ನರ್ಧ ಸರ್ಕಾರದ ದುಡ್ಡಿನಲ್ಲಿದೆ. 1934ರಿಂದ ಕೇಂದ್ರ ಸರ್ಕಾರ ಮನೆಸಾಲಗಳಿಗೆ ವಿಮೆ ಕೊಡತೊಡಗಿತು. ಅದರ ಲಾಭ ಹೆಚ್ಚಾಗಿ ಸಿಕ್ಕಿದ್ದು ಉಪನಗರದಲ್ಲಿ ಹೊಸ ಮನೆ ಕೊಳ್ಳುವ ಬಿಳಿಯರಿಗೆ. ಕಪ್ಪು ಜನರ ಬಡಾವಣೆಗಳನ್ನು ‘ಅಪಾಯ’ ಎಂದು ದೂರ ಇಟ್ಟರು. 1956ರ ಕಾನೂನು ಅಂತರರಾಜ್ಯ ಹೆದ್ದಾರಿಗಳ ಖರ್ಚಿನಲ್ಲಿ ಶೇ. 90ರಷ್ಟನ್ನು ಕೇಂದ್ರದ ತಲೆಗೆ ಹಾಕಿತು. ಅಟ್ಲಾಂಟಾದಲ್ಲಿ ಆ ಹೆದ್ದಾರಿ ಕಪ್ಪು ಜನರ ಅಂಗಡಿ, ಚರ್ಚುಗಳಿದ್ದ ಸ್ವೀಟ್ ಆಬರ್ನ್ ಬಡಾವಣೆಯನ್ನು ಸೀಳಿಕೊಂಡು ಹೋಯಿತು. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಬಡಾವಣೆ ಅದು. 1970ರಿಂದ 1990ರ ನಡುವೆ ನಗರದೊಳಗಿನ ಜನಸಂಖ್ಯೆ ಸುಮಾರು 1 ಲಕ್ಷ ಇಳಿಯಿತು. ಹೊರಗೆ ಮಾತ್ರ ಬೆಳೆಯುತ್ತಲೇ ಹೋಯಿತು.

ಈಗ ಮುಖ್ಯ ಭಾಗ. ಮಾರ್ಟಾ ಎನ್ನುವ ಬಸ್ಸು-ರೈಲು ವ್ಯವಸ್ಥೆಯನ್ನು ಐದು ಕೌಂಟಿಗಳಿಗೆಂದು ಯೋಚಿಸಿದ್ದರು. ಕಾಬ್ ಕೌಂಟಿ 1965ರಲ್ಲೇ ಬೇಡ ಎಂದಿತು. 1971ರಲ್ಲಿ ತೆರಿಗೆಗಾಗಿ ಮತದಾನ ನಡೆದಾಗ ಫುಲ್ಟನ್, ಡಿಕ್ಯಾಬ್ ಒಪ್ಪಿದವು. ಕ್ಲೇಟನ್, ಗ್ವಿನೆಟ್ ಭಾರಿ ಅಂತರದಿಂದ ತಿರಸ್ಕರಿಸಿದವು. ಬಸ್ಸು ಬಂದರೆ ಕಪ್ಪು ಜನರೂ ಬರುತ್ತಾರೆ ಎನ್ನುವ ಭಯ ಇದರ ಹಿಂದೆ ದೊಡ್ಡದಾಗಿತ್ತು. ಇದನ್ನು ನಿಮ್ಮ ಉತ್ತರದಲ್ಲಿ ಮುಚ್ಚುಮರೆ ಇಲ್ಲದೆ ಬರೆಯಿರಿ.

ಕ್ಲೇಟನ್ ಕಥೆ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಕಾಲ ಸರಿದಂತೆ ಅಲ್ಲಿ ಕಪ್ಪು ಜನರೇ ಜಾಸ್ತಿಯಾದರು, ಬಡತನವೂ ಹೆಚ್ಚಿತು. 2010ರಲ್ಲಿ ದುಡ್ಡಿಲ್ಲ ಎಂದು ಕೌಂಟಿ ತನ್ನ ಬಸ್ಸುಗಳನ್ನೇ ನಿಲ್ಲಿಸಿತು. ಅಟ್ಲಾಂಟಾದ ಆ ದೊಡ್ಡ ವಿಮಾನ ನಿಲ್ದಾಣದ ಬಹುಪಾಲು ಜಾಗ ಇರುವುದು ಇದೇ ಕೌಂಟಿಯಲ್ಲಿ. ಕೆಲಸ ಪಕ್ಕದಲ್ಲೇ ಇದೆ, ಆದರೆ ಕಾರಿಲ್ಲದವರು ಹೋಗುವುದು ಹೇಗೆ? ಹೆದ್ದಾರಿಯಂಥ ರಸ್ತೆಗಳು, ಎಷ್ಟೋ ಕಡೆ ಕಾಲುದಾರಿಯೂ ಇಲ್ಲ. 2014ರಲ್ಲಿ ಜನರೇ ತೆರಿಗೆ ಏರಿಸಿಕೊಂಡು ಮಾರ್ಟಾ ಸೇರಿದರು. ಮರುವರ್ಷ ಬಸ್ಸು ಬಂತು.

ಹಾಗಾದರೆ ಎಲ್ಲಕ್ಕೂ ವರ್ಣಭೇದವೇ ಕಾರಣ ಅಲ್ವಾ? ಇಲ್ಲಿ ತುಸು ಎಚ್ಚರ ಬೇಕು. ಗ್ವಿನೆಟ್‌ನಲ್ಲಿ ಇವತ್ತು ಬಿಳಿಯರು ಅರ್ಧಕ್ಕಿಂತ ಕಡಿಮೆ. ಕಪ್ಪು, ಲ್ಯಾಟಿನೋ, ಏಷ್ಯಾ ಮೂಲದವರು ತುಂಬ ಇದ್ದಾರೆ. ಆದರೂ ಸಾರಿಗೆ ತೆರಿಗೆಯನ್ನು 2019ರಲ್ಲಿ, ಮತ್ತೆ 2024ರಲ್ಲಿ ಸೋಲಿಸಿದರು. ನನಗೆ ಕಾಣುವ ಒಂದು ಕಾರಣ ಹೀಗಿದೆ: ಮನೆಗಳೆಲ್ಲ ಒಂದು ಕಡೆ, ಅಂಗಡಿಗಳೆಲ್ಲ ಇನ್ನೊಂದು ಕಡೆ ಇರುವ ಊರಿನಲ್ಲಿ ಬಸ್‌ಸ್ಟಾಪಿಗೇ ಮೈಲಿ ನಡೆಯಬೇಕು. ಕಾರು ಕೊಂಡಾಗಿದೆ, ಅದರ ಕಂತೂ ಕಟ್ಟುತ್ತಿದ್ದಾರೆ. ತಾವು ಹತ್ತದ ಬಸ್ಸಿಗೆ ತೆರಿಗೆ ಕೊಡಿ ಎಂದರೆ ಅಂಥವರು ಸುಲಭಕ್ಕೆ ಒಪ್ಪುವುದಿಲ್ಲ.