ನಿಮ್ಮ ಎರಡನೇ ಗ್ರಾಫಿಕ್ಸ್ ಚಿಪ್ ಮಲಗುತ್ತಿದೆಯಾ?

ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಮಾತು ಒಂದೇ. "ಎನ್‌ವಿಡಿಯಾ ಕಾರ್ಡ್ ಕೆಲಸ ಮಾಡ್ತಾ ಇಲ್ಲ." ಟರ್ಮಿನಲ್‌ನಲ್ಲಿ, ಯಾವ ಚಿಪ್ ಚಿತ್ರ ಬಿಡಿಸುತ್ತಿದೆ ಎಂದು ತೋರಿಸುವ ಜಿಎಲ್‌ಎಕ್ಸ್‌ಇನ್ಫೋ (glxinfo) ಕಮಾಂಡ್ ಓಡಿಸಿರುತ್ತಾರೆ. ಅಲ್ಲಿ ಇಂಟೆಲ್ ಹೆಸರು ಬಂದಿರುತ್ತದೆ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಕೂತಿಲ್ಲ ಅಂದುಕೊಂಡು ಅದನ್ನು ಎರಡು ಮೂರು ಸಲ ಕಿತ್ತು ಮತ್ತೆ ಹಾಕಿರುತ್ತಾರೆ. ನಾನು ತೆರೆದು ನೋಡಿದರೆ ಎಷ್ಟೋ ಸಲ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಇಂಟೆಲ್ ಹೆಸರು ಬರಬೇಕಾದದ್ದೇ ಸರಿ. ಇಂಥ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಒಂದು ಇಂಟೆಲ್‌ನದು, ಪ್ರೊಸೆಸರ್ ಒಳಗೇ ಇರುತ್ತದೆ, ಕರೆಂಟ್ ಕಡಿಮೆ ತಿನ್ನುತ್ತದೆ. ಇನ್ನೊಂದು ಎನ್‌ವಿಡಿಯಾದ್ದು, ಬೇರೆಯಾಗಿ ಕೂತಿರುತ್ತದೆ, ಶಕ್ತಿ ಜಾಸ್ತಿ, ಹಸಿವೂ ಜಾಸ್ತಿ. ಬಹಳಷ್ಟು ಮಾಡೆಲ್‌ಗಳಲ್ಲಿ ಪರದೆಗೆ ಹೋಗುವ ತಂತಿ ಮೊದಲನೆಯದರಿಂದಲೇ ಹೊರಡುತ್ತದೆ. ಎರಡನೆಯದು ಚಿತ್ರ ಬಿಡಿಸಿ ಮೊದಲನೆಯದರ ಕೈಗೆ ಕೊಡುತ್ತದೆ, ಅದು ಪರದೆಗೆ ಮುಟ್ಟಿಸುತ್ತದೆ. ಡೆಸ್ಕ್‌ಟಾಪ್, ಬ್ರೌಸರ್ ಎಲ್ಲ ಇಂಟೆಲ್ ಮೇಲೆ ಓಡಬೇಕು. ಆಟ, ಬ್ಲೆಂಡರ್‌ನಂಥ ಭಾರದ ಕೆಲಸ ಬಂದಾಗ ಮಾತ್ರ ಎನ್‌ವಿಡಿಯಾ ಏಳಬೇಕು.

ಎನ್‌ವಿಡಿಯಾ ಈ ಏರ್ಪಾಡನ್ನು ಆಪ್ಟಿಮಸ್ ಎಂಬ ಹೆಸರಲ್ಲಿ 2010ರಲ್ಲಿ ತಂದಿತು. ಆಗ ಲಿನಕ್ಸ್‌ಗೆ ಅದರ ನೆರವು ಸಿಗಲಿಲ್ಲ. ಬಳಕೆದಾರರೇ ಸೇರಿ ಬಂಬಲ್‌ಬೀ ಎಂಬ ದಾರಿ ಮಾಡಿಕೊಂಡರು. 2019ರಲ್ಲಿ 435ನೇ ಸರಣಿಯ ಡ್ರೈವರ್ ಬಂದ ಮೇಲೆ ಬೇಕಾದ ಪ್ರೋಗ್ರಾಂ ಒಂದನ್ನು ಮಾತ್ರ ಎನ್‌ವಿಡಿಯಾ ಮೇಲೆ ಓಡಿಸುವುದು ಸರಾಗವಾಯಿತು. ಹೊಸ ಲ್ಯಾಪ್‌ಟಾಪ್‌ಗೆ ಬಂಬಲ್‌ಬೀ ಹಾಕಬೇಡಿ. ಹಳೆಯ ಸಲಹೆ ನೋಡಿ ಹಾಕಿಕೊಂಡು, ಎರಡು ವ್ಯವಸ್ಥೆ ಒಂದರ ಮೇಲೊಂದು ಬಿದ್ದು ಒದ್ದಾಡಿದವರನ್ನು ನಾನು ಬಹಳ ನೋಡಿದ್ದೇನೆ.

ಉಬುಂಟುವಿನಲ್ಲಾದರೆ ಡ್ರೈವರ್ ಹಾಕಿ, ಯಾವ ಚಿಪ್ ಬಳಸಬೇಕೆಂದು ಹೇಳುವ ಪ್ರೈಮ್-ಸೆಲೆಕ್ಟ್ (prime-select) ಕಮಾಂಡ್‌ನಲ್ಲಿ ಆನ್-ಡಿಮಾಂಡ್, ಅಂದರೆ ಬೇಕಾದಾಗ ಮಾತ್ರ, ಆರಿಸಿ, ರೀಬೂಟ್ ಮಾಡಿ. ಆಮೇಲೆ ಟರ್ಮಿನಲ್‌ನಲ್ಲಿ ಪ್ರೋಗ್ರಾಂ ಹೆಸರಿಗೆ ಮೊದಲು ಪ್ರೈಮ್-ರನ್ (prime-run) ಸೇರಿಸಿದರೆ ಅದು ಎನ್‌ವಿಡಿಯಾ ಮೇಲೆ ಓಡುತ್ತದೆ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿದರೂ ಆ ಆಯ್ಕೆ ಸಿಗುತ್ತದೆ. ಜಿಎಲ್‌ಎಕ್ಸ್‌ಇನ್ಫೋವನ್ನೇ ಪ್ರೈಮ್-ರನ್ ಜೊತೆ ಒಮ್ಮೆ ಓಡಿಸಿ. ಈಗ ಎನ್‌ವಿಡಿಯಾ ಹೆಸರು ಬಂದರೆ ಡ್ರೈವರ್ ಸರಿಯಿದೆ. ಎರಡೂ ಚಿಪ್ ಎಎಂಡಿಯದ್ದಾದರೆ ಇಷ್ಟೂ ಬೇಕಿಲ್ಲ, ಪ್ರೋಗ್ರಾಂ ಹೆಸರಿಗೆ ಮೊದಲು ಡಿಆರ್‌ಐ_ಪ್ರೈಮ್=1 (DRI_PRIME=1) ಅಂತ ಬರೆದರೆ ಸಾಕು.

ಹೆಸರು ಬರಲೇ ಇಲ್ಲವಾ? ನಾನು ಮೊದಲು ನೋಡುವುದು ಸೆಕ್ಯೂರ್ ಬೂಟ್. ಅದು ಆನ್ ಇದ್ದರೆ, ಸಹಿ ಇಲ್ಲದ ಡ್ರೈವರನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಬಿಡುವುದಿಲ್ಲ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬಂದು, ಹತ್ತು ಸೆಕೆಂಡ್ ಕಾದು, ಹೋಗಿಬಿಡುತ್ತದೆ. ಅಷ್ಟರೊಳಗೆ ಕೀ ಒತ್ತಿ, ಎನ್‌ರೋಲ್ ಮಾಕ್ (Enroll MOK), ಅಂದರೆ ಆ ಸಹಿಯ ಕೀಲಿಯನ್ನು ಒಪ್ಪುವ ಆಯ್ಕೆ, ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಬಹಳ ಜನ ಆ ಪರದೆಯನ್ನು ಗಮನಿಸಿಯೇ ಇರುವುದಿಲ್ಲ.

ಇಲ್ಲಿಗೆ ಎಲ್ಲರೂ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಮಾತ್ರ ಆಗಿದೆ. ಕೆಲಸವಿಲ್ಲದಾಗ ಆ ಚಿಪ್ ನಿಜವಾಗಿ ಮಲಗುತ್ತಿದೆಯಾ ಎಂದು ನೋಡಲೇಬೇಕು. ಮಲಗದಿದ್ದರೆ ನೀವು ಸುಮ್ನೆ ಪತ್ರ ಬರೆಯುತ್ತಿದ್ದರೂ ಬ್ಯಾಟರಿ ಕರಗುತ್ತದೆ, ತಳ ಬಿಸಿಯಾಗುತ್ತದೆ. ಸಿಸ್ (/sys) ಡೈರೆಕ್ಟರಿಯಲ್ಲಿ, ಪಿಸಿಐ ಸಾಧನಗಳ ನಡುವೆ, ಆ ಚಿಪ್‌ನ ಪವರ್ (power) ಫೋಲ್ಡರ್ ಇರುತ್ತದೆ. ಅದರೊಳಗೆ ರನ್‌ಟೈಮ್_ಸ್ಟೇಟಸ್ (runtime_status) ಎಂಬ ಫೈಲ್ ಇದೆ. ಅದನ್ನು ಓದಿ. ಸಸ್ಪೆಂಡೆಡ್ ಅಂದರೆ ಮಲಗಿದೆ, ಆಕ್ಟಿವ್ ಅಂದರೆ ಎದ್ದು ಕೂತಿದೆ.

ಇದಕ್ಕೆ ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ (nvidia-smi) ಕಮಾಂಡ್ ಓಡಿಸಿ ನೋಡಬೇಡಿ. ಅದು ಮಲಗಿದ್ದ ಚಿಪ್ಪನ್ನು ಎಬ್ಬಿಸಿಯೇ ಉತ್ತರ ಕೊಡುತ್ತದೆ. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಚಿಪ್ ಏನು ಮಾಡಿದರೂ ಮಲಗುತ್ತಿರಲಿಲ್ಲ. ಡ್ರೈವರ್ ಸರಿ, ಸೆಟ್ಟಿಂಗ್ ಸರಿ. ಅರ್ಧ ದಿನ ಹುಡುಕಿದೆ. ಕೊನೆಗೆ ನೋಡಿದರೆ, ಮೇಲಿನ ಪಟ್ಟಿಯಲ್ಲಿ ಕಾರ್ಡಿನ ಬಿಸಿ ತೋರಿಸುವ ಪುಟ್ಟ ವಿಜೆಟ್ ಒಂದು ಪ್ರತಿ ಎರಡು ಸೆಕೆಂಡ್‌ಗೆ ಇದೇ ಕಮಾಂಡ್ ಓಡಿಸುತ್ತಿತ್ತು. ಅದನ್ನು ತೆಗೆದ ಸ್ವಲ್ಪ ಹೊತ್ತಿಗೆ ಚಿಪ್ ಮಲಗಿತು.

ಪೂರ್ತಿ ಮಲಗುವ ಶಕ್ತಿ ಇರುವುದು ಎನ್‌ವಿಡಿಯಾದ ಟ್ಯೂರಿಂಗ್ ಪೀಳಿಗೆ ಮತ್ತು ಆಮೇಲಿನ ಚಿಪ್‌ಗಳಿಗೆ. ಲ್ಯಾಪ್‌ಟಾಪ್‌ನ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಇರುವ ಮೂಲ ಸಾಫ್ಟ್‌ವೇರ್, ಕೂಡ ಅದಕ್ಕೆ ಒಪ್ಪಬೇಕು. ಟ್ಯೂರಿಂಗ್‌ನಲ್ಲಿ ಡ್ರೈವರ್‌ನ ಡೈನಮಿಕ್ ಪವರ್ ಮ್ಯಾನೇಜ್‌ಮೆಂಟ್ ಆಯ್ಕೆಯನ್ನು ನಾವೇ 2ಕ್ಕೆ ಇಡಬೇಕು. ಅದರ ನಂತರದ ಆಂಪಿಯರ್ ಪೀಳಿಗೆಯಿಂದ ಮುಂದಕ್ಕೆ ಡ್ರೈವರ್ ತಾನೇ ನೋಡಿಕೊಳ್ಳುತ್ತದೆ. ಅದೇ ಪವರ್ ಫೋಲ್ಡರಿನ ಕಂಟ್ರೋಲ್ ಫೈಲ್‌ನಲ್ಲಿ ಆಟೋ ಅಂತ ಇರಬೇಕು. ಆನ್ ಅಂತ ಇದ್ದರೆ ಚಿಪ್ ಮಲಗುವುದಿಲ್ಲ. ಇದಕ್ಕಿಂತ ಹಳೆಯ ಚಿಪ್ ಇದ್ದು ಬ್ಯಾಟರಿಯೇ ಮುಖ್ಯ ಅನ್ನುವವರಿಗೆ, ಪ್ರಯಾಣದ ದಿನ ಪ್ರೈಮ್-ಸೆಲೆಕ್ಟ್‌ನಲ್ಲಿ ಇಂಟೆಲ್ ಆರಿಸಿ ರೀಬೂಟ್ ಮಾಡಿ ಎನ್ನುತ್ತೇನೆ.

ಹೊರಗಿನ ಮಾನಿಟರ್ ಹಾಕುವವರು ಇನ್ನೊಂದು ನೋಡಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಎನ್‌ವಿಡಿಯಾಗೆ ಅಂಟಿರುತ್ತದೆ. ಅಲ್ಲಿ ಮಾನಿಟರ್ ಹಾಕಿದರೆ ಆ ಚಿಪ್ ಎದ್ದಿರಲೇಬೇಕು, ಯಾವ ಸೆಟ್ಟಿಂಗೂ ಅದನ್ನು ಬದಲಿಸಲಾರದು. ಸಿಸ್ ಒಳಗಿನ ಕ್ಲಾಸ್, ಅದರೊಳಗಿನ ಡಿಆರ್‌ಎಂ ಫೋಲ್ಡರ್ ತೆರೆದರೆ ಪ್ರತಿ ಪೋರ್ಟ್‌ನ ಹೆಸರಿನ ಮುಂದೆ ಕಾರ್ಡ್‌ನ ಸಂಖ್ಯೆ ಇರುತ್ತದೆ. ಯಾವುದು ಯಾರದ್ದು ಅಂತ ಅಲ್ಲೇ ತಿಳಿಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ-ಸಿ ಪೋರ್ಟ್ ಇಂಟೆಲ್ ಕಡೆಗಿರುತ್ತದೆ. ಹಾಗಿದ್ದರೆ ಮಾನಿಟರನ್ನು ಅಲ್ಲಿಗೆ ಹಾಕಿ, ಒಂದೆರಡು ನಿಮಿಷ ಬಿಟ್ಟು ರನ್‌ಟೈಮ್_ಸ್ಟೇಟಸ್ ಮತ್ತೊಮ್ಮೆ ಓದಿ.