ಗೇರ್‌ಬಾಕ್ಸ್ ಇಳಿಸುವ ಮುಂಚೆ ಇಷ್ಟು ನೋಡಿ

ಹತ್ತು ಹನ್ನೆರಡು ವರ್ಷ ಓಡಿದ ಆಟೊಮ್ಯಾಟಿಕ್ ಕಾರು ಜರ್ಕ್ ಹೊಡೆಯಲು ಶುರು ಮಾಡಿದರೆ ಮೊದಲು ಕೇಳಿಬರುವ ಮಾತು, "ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಬೇಕು". ಖರ್ಚು ಕೇಳಿ ಎಷ್ಟೋ ಜನ ಅಲ್ಲಿಗೇ ಗಾಡಿಯನ್ನು ಗುಜರಿಗೆ ಹಾಕಿಬಿಡುತ್ತಾರೆ. ನನಗೆ ಇದು ತುಂಬಾ ಬೇಸರದ ವಿಷಯ. ಯಾಕೆಂದರೆ ಇಂಥ ಎಷ್ಟೋ ಗಾಡಿಗಳಲ್ಲಿ ಗೇರ್‌ಬಾಕ್ಸ್‌ನ ಒಳಗೆ ಏನೂ ಆಗಿರುವುದಿಲ್ಲ. ತೊಂದರೆ ಹೊರಗಿರುತ್ತದೆ: ಎಣ್ಣೆ, ವೈರು, ಸೆನ್ಸರ್, ಕೆಲವು ಸಲ ಎಂಜಿನ್.

ಇಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಹಳೆಯ 4 ಸ್ಪೀಡ್, 5 ಸ್ಪೀಡ್ ಗಾಡಿಗಳ ಬಗ್ಗೆ ಮಾತ್ರ. ಎಎಂಟಿ, ಸಿವಿಟಿ ಅನ್ನುವ ಬೇರೆ ಬಗೆಯ ಆಟೊಮ್ಯಾಟಿಕ್‌ಗಳ ಕಥೆ ಬೇರೆ.

ಮೊದಲ ಕೆಲಸ ಗಾಡಿ ಓಡಿಸುವವರನ್ನು ಕೇಳುವುದು. ತೊಂದರೆ ಬೆಳಗ್ಗೆ ತಣ್ಣಗಿದ್ದಾಗಲೋ, ಟ್ರಾಫಿಕ್‌ನಲ್ಲಿ ಕಾದ ಮೇಲೋ? ಡಿ ಅಥವಾ ಆರ್‌ಗೆ ಹಾಕಿದಾಗ ಧಡ್ ಅನ್ನುತ್ತದೋ, ಇಲ್ಲಾ ಓಡುವಾಗ ಗೇರ್ ಬದಲಾಗುವಾಗಲೋ? ಬರೀ ಆರ್, ಡಿ ಹಾಕಿದಾಗ ಧಡ್ ಅನ್ನುತ್ತಿದ್ದರೆ ನಾನು ಮೊದಲು ನೋಡುವುದು ಎಂಜಿನ್ ಮೌಂಟಿಂಗ್ ಮತ್ತು ಐಡ್ಲಿಂಗ್. ಹಾಳಾದ ಮೌಂಟಿಂಗ್‌ಗೆ ಗೇರ್‌ಬಾಕ್ಸ್ ಹೊಣೆ ಅಲ್ಲ.

ಆಮೇಲೆ ಗೇರ್‌ಬಾಕ್ಸ್ ಎಣ್ಣೆ, ಅಂದರೆ ಎಟಿಎಫ್. ಡಿಪ್‌ಸ್ಟಿಕ್ ಇದ್ದರೆ ನೋಡುವುದು ಸುಲಭ, ಆದರೆ ಪ್ರತಿ ಕಂಪನಿಯ ಗಾಡಿಗೂ ಒಂದೇ ಕ್ರಮ ಅಲ್ಲ. ಹುಂಡೈನ ಹಳೆಯ 4 ಸ್ಪೀಡ್‌ನಲ್ಲಿ ಗಾಡಿ ಬಿಸಿಯಾದ ಮೇಲೆ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹೋಂಡಾದಲ್ಲಿ ಎಂಜಿನ್ ಆಫ್ ಮಾಡಿ 60ರಿಂದ 90 ಸೆಕೆಂಡಿನ ಒಳಗೆ ನೋಡಬೇಕು. ಇದು ಗೊತ್ತಿಲ್ಲದೆ ಎಣ್ಣೆ ಕಮ್ಮಿ ಅಂತ ಸುರಿದರೆ ಮಟ್ಟ ಜಾಸ್ತಿಯಾಗಿ ನೊರೆ ಏಳುತ್ತದೆ, ಪ್ರೆಶರ್ ಬೀಳುತ್ತದೆ. ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಬಣ್ಣ ಕಂದಾಗಿದ್ದರೆ ಹಳೆಯದಾಗಿದೆ ಅಷ್ಟೇ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್ ಸವೆದಿರುವ ಸಾಧ್ಯತೆ ಇದೆ. ಹಾಲು ಬೆರೆಸಿದ ಹಾಗೆ ಗುಲಾಬಿಯಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ಕೂಲೆಂಟ್ ಸೇರಿದೆ ಅಂತ. ಅಂಥ ಗಾಡಿಯನ್ನು ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

"ಗಾಡಿ ಎಳೀತಾನೇ ಇಲ್ಲ, ಗೇರ್ ಬದಲಾಗ್ತಾನೇ ಇಲ್ಲ" ಅಂತ ಬರುವವರು ಬಹಳ. ಅನೇಕ ಸಲ ಇದು ಗೇರ್‌ಬಾಕ್ಸ್ ಕಂಪ್ಯೂಟರ್ ಗಾಡಿಯನ್ನು ಸೇಫ್ ಮೋಡ್‌ಗೆ ಹಾಕಿರುವುದು. ಹಳೆಯ 4 ಸ್ಪೀಡ್‌ಗಳಲ್ಲಿ ಆಗ ಗೇರ್ ಸಾಮಾನ್ಯವಾಗಿ ಮೂರರಲ್ಲೇ ನಿಲ್ಲುತ್ತದೆ. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದಾ? ಹಾಗಿದ್ದರೆ ಮೊದಲು ಎಲೆಕ್ಟ್ರಿಕಲ್ ಕಡೆ ಹುಡುಕಬೇಕು. ಸವೆದ ಪ್ಲೇಟು ಕೀ ತಿರುಗಿಸಿದ್ದಕ್ಕೆ ವಾಸಿಯಾಗುವುದಿಲ್ಲ ಅಲ್ವಾ?

ಇತ್ತೀಚೆಗೆ ಬಂದ ಒಂದು ಹ್ಯಾಚ್‌ಬ್ಯಾಕ್ ಹೀಗೇ ಇತ್ತು. ಅರ್ಧ ಗಂಟೆ ಓಡಿದ ಮೇಲೆ ಮೂರರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬೇರೆ ಕಡೆ ಪೂರ್ತಿ ಓವರ್‌ಹಾಲ್‌ಗೆ ಎಸ್ಟಿಮೇಟ್ ಕೊಟ್ಟಿದ್ದರು. ಸ್ಕ್ಯಾನರ್ ಹಾಕಿದರೆ ಪಿ0720 ಅನ್ನುವ ಕೋಡ್, ಅಂದರೆ ಗೇರ್‌ಬಾಕ್ಸ್‌ನಿಂದ ಹೊರಬರುವ ವೇಗ ಅಳೆಯುವ ಔಟ್‌ಪುಟ್ ಸ್ಪೀಡ್ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ತೊಂದರೆ. ಸೆನ್ಸರ್ ಚೆನ್ನಾಗಿತ್ತು. ಕನೆಕ್ಟರ್ ಬಿಚ್ಚಿದರೆ ಒಂದು ಪಿನ್ ಹಸಿರು ಕಿಲುಬು ಹಿಡಿದಿತ್ತು, ಹಿಂದಿನ ವೈರನ್ನು ಇಲಿ ಕಡಿದಿತ್ತು. ಪಿನ್, ವೈರ್ ಬದಲಿಸಿದ ಮೇಲೆ ಗಾಡಿ ನಾಲ್ಕೂ ಗೇರ್ ಹಿಡಿಯಿತು. ಮಳೆಗಾಲ ಮುಗಿದ ಮೇಲೆ ಇಂಥವು ಜಾಸ್ತಿ. ಒಂದು ಎಚ್ಚರಿಕೆ: ಅಗ್ಗದ ಸ್ಕ್ಯಾನರ್ ಪಿ0700 ಅಂತಷ್ಟೇ ತೋರಿಸಬಹುದು. ಅದು "ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಏನೋ ಕೋಡ್ ಇದೆ, ನೋಡು" ಅನ್ನುವ ಸೂಚನೆ ಮಾತ್ರ. ಒಳಗಿನ ಕೋಡ್ ಓದದೆ ತೀರ್ಮಾನ ಮಾಡಬಾರದು. ಬ್ಯಾಟರಿ ವೋಲ್ಟೇಜ್, ಅರ್ಥಿಂಗ್ ವೈರ್ ಕೂಡ ಆಗಲೇ ನೋಡಿಬಿಡಬೇಕು.

ಇನ್ನೊಂದು ದೂರು: 60, 70ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಗಾಡಿ ಗಡಗಡ ನಡುಗುವುದು. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ ನೋಡುತ್ತೇನೆ. ಬ್ರೇಕ್ ಸ್ವಿಚ್ ಸಿಗ್ನಲ್ ಹೋದ ಕೂಡಲೇ ಕನ್ವರ್ಟರ್‌ನ ಲಾಕಪ್ ಕ್ಲಚ್ (ಎಂಜಿನ್ ಮತ್ತು ಗೇರ್‌ಬಾಕ್ಸನ್ನು ನೇರವಾಗಿ ಕಚ್ಚಿಸುವುದು) ಬಿಡುತ್ತದೆ. ನಡುಕ ತಕ್ಷಣ ನಿಂತರೆ ಲಾಕಪ್ ಕ್ಲಚ್ ಜಾರುತ್ತಿದೆ. ಎಷ್ಟೋ ಸಲ ಸರಿಯಾದ ಹೊಸ ಎಟಿಎಫ್ ಹಾಕಿದರೆ ಸರಿಹೋಗುತ್ತದೆ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿ. ಎಂಜಿನ್ ಮಿಸ್ ಹೊಡೆಯುವುದನ್ನು ಗೇರ್‌ಬಾಕ್ಸ್ ತೊಂದರೆ ಅಂದುಕೊಂಡವರು ಕಡಿಮೆಯೇನಿಲ್ಲ.

ಇಷ್ಟೆಲ್ಲ ಸರಿಯಿದ್ದೂ ರೇಸ್ ಏರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಅಂದರೆ ಒಳಗೆ ಜಾರುತ್ತಿದೆ. ಆಗಲೂ ಯಾವ ಗೇರ್‌ಗಳಲ್ಲಿ ಅಂತ ಬರೆದಿಟ್ಟುಕೊಳ್ಳಬೇಕು. ಹುಂಡೈನ 4 ಸ್ಪೀಡ್ ಬಾಕ್ಸ್ ತೆಗೆದುಕೊಳ್ಳಿ. ಒಳಗಿನ ಒಂದೊಂದು ಕ್ಲಚ್ ಅಥವಾ ಬ್ರೇಕ್ ಕೆಲವು ಗೇರ್‌ಗಳಲ್ಲಿ ಮಾತ್ರ ಕಚ್ಚುತ್ತದೆ (ಇಲ್ಲಿ ಬ್ರೇಕ್ ಅಂದರೆ ಚಕ್ರದ್ದಲ್ಲ, ಬಾಕ್ಸ್ ಒಳಗಿನ ಭಾಗವನ್ನು ತಿರುಗದಂತೆ ಹಿಡಿಯುವುದು). ಅಂಡರ್‌ಡ್ರೈವ್ ಕ್ಲಚ್ ಕೆಲಸ ಮಾಡುವುದು 1, 2, 3ರಲ್ಲಿ. ಓವರ್‌ಡ್ರೈವ್ ಕ್ಲಚ್ 3, 4ರಲ್ಲಿ. ಸೆಕೆಂಡ್ ಬ್ರೇಕ್ 2, 4ರಲ್ಲಿ. ಹಾಗಾಗಿ 2 ಮತ್ತು 4ರಲ್ಲಿ ಮಾತ್ರ ಜಾರಿದರೆ ಅನುಮಾನ ಸೆಕೆಂಡ್ ಬ್ರೇಕ್ ಮೇಲೆ ಅಥವಾ ಅದಕ್ಕೆ ಎಣ್ಣೆ ಬಿಡುವ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಮೇಲೆ. ಸೊಲೆನಾಯ್ಡ್, ಎಣ್ಣೆ ಹಂಚುವ ವಾಲ್ವ್ ಬಾಡಿ ಸಾಮಾನ್ಯವಾಗಿ ಗೇರ್‌ಬಾಕ್ಸ್ ಗಾಡಿಯಲ್ಲೇ ಇರುವಾಗ ಬಿಚ್ಚಬಹುದು. ಖರ್ಚು ಎಷ್ಟೋ ಉಳಿಯುತ್ತದೆ. ಸೊಲೆನಾಯ್ಡ್ ಕಾಯಿಲ್‌ನ ಓಮ್ಸ್ (ರೆಸಿಸ್ಟೆನ್ಸ್) ತಣ್ಣಗಿದ್ದಾಗ ಒಂದು ಸಲ, ಬಿಸಿಯಾದ ಮೇಲೆ ಒಂದು ಸಲ ನೋಡಬೇಕು. ಕೆಲವು ಕಾಯಿಲ್ ಬಿಸಿಯಾದಾಗಲೇ ಕೈಕೊಡುತ್ತವೆ.

ಎಣ್ಣೆ ಬದಲಿಸುವಾಗ ಹಳೆಯ ಗಾಡಿಗೆ ಮೆಷಿನ್ ಫ್ಲಶ್ ನನಗೆ ಇಷ್ಟವಿಲ್ಲ. ಕೆಳಗಿನ ಬೋಲ್ಟ್ ಬಿಚ್ಚಿ ಎಷ್ಟು ಇಳಿಯಿತೋ ಅಷ್ಟೇ ಅಳೆದು ಹೊಸದು ಹಾಕಿಸಿ. ಕನ್ವರ್ಟರ್‌ನಲ್ಲಿ ಹಳೆಯದು ಉಳಿದಿರುತ್ತದೆ, ಅದಕ್ಕೇ ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೆರಡು ಸಲ ಇದನ್ನೇ ಮಾಡಿಸಿ. ಗ್ರೇಡ್ ಮ್ಯಾನುವಲ್‌ನಲ್ಲಿ ಇರುವುದೇ ಆಗಬೇಕು. ಹುಂಡೈನ ಹಳೆಯ 4 ಸ್ಪೀಡ್ ಕೇಳುವುದು ಎಸ್‌ಪಿ-3. ಸಿಕ್ಕ ಕೆಂಪು ಎಣ್ಣೆ ಸುರಿಸಬೇಡಿ.

ಗಾಡಿ ದಾರಿಯಲ್ಲೇ ನಿಂತರೆ ಮುಂದಿನ ಚಕ್ರ ನೆಲದ ಮೇಲಿಟ್ಟು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಗೇರ್‌ಬಾಕ್ಸ್‌ನ ಪಂಪ್ ತಿರುಗುವುದಿಲ್ಲ, ಒಳಗೆ ಎಣ್ಣೆ ಹರಿಯುವುದಿಲ್ಲ. ನಾಲ್ಕೂ ಚಕ್ರ ಮೇಲೆತ್ತುವ ಫ್ಲಾಟ್‌ಬೆಡ್ ಗಾಡಿಯೇ ಬೇಕು ಅಂತ ಫೋನಿನಲ್ಲೇ ಹೇಳಿ ಕರೆಸಿಕೊಳ್ಳಿ.